ಕನ್ನಡಕ, ಬೆಂಡೋಲೆ, ಕೂಲರ್ ಸದ್ದು: ಇವುಗಳ ನಡುವೆ ಯಾವ ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್?

ಪ್ರಶ್ನೆ: ಸರ್, ನಾನು ಯಾದಗಿರಿಯಲ್ಲಿ ಹೈಸ್ಕೂಲ್ ಶಿಕ್ಷಕಿ. ವಯಸ್ಸು 46. ರಾತ್ರಿ ಊಟ ಆದ ಮೇಲೆ ಒಂದೆರಡು ಗಂಟೆ ಹಾಡು ಕೇಳುವುದು ನನ್ನ ರೂಢಿ. ಹೆಚ್ಚಾಗಿ ಹಿಂದೂಸ್ತಾನಿ ಖಯಾಲ್, ವಚನ ಗಾಯನ, ನಮ್ಮ ಕಡೆಯ ತತ್ವಪದ. ಅತ್ತೆ ಅದೇ ಕೋಣೆಯಲ್ಲಿ ಮಲಗುತ್ತಾರೆ, ಕೂಲರ್ ಓಡುತ್ತಿರುತ್ತದೆ. ದನಿ ಹೊರಗೆ ಬರಬಾರದು ಅಂತ ಕ್ಲೋಸ್ಡ್ ಬ್ಯಾಕ್, ಅಂದರೆ ಕಪ್‌ನ ಹಿಂಬದಿ ಮುಚ್ಚಿರುವ, ಹೆಡ್‌ಫೋನ್ ತಗೊಂಡೆ. ಕಲಬುರಗಿಯ ಅಂಗಡಿಯಲ್ಲಿ ಕೇಳಿದಾಗ ದನಿ ತುಂಬಿ ಬರುತ್ತಿತ್ತು. ಮನೆಗೆ ತಂದ ಮೇಲೆ ಬೇಸ್ ಇಲ್ಲ, ಎಲ್ಲಾ ಪೇಲವ. ಒಂದು ಗಂಟೆ ಆಗುವಷ್ಟರಲ್ಲಿ ಕಿವಿ ನೋಯುತ್ತದೆ, ಬೆವರು ಬೇರೆ. ನನಗೆ ಕನ್ನಡಕ ಇದೆ, ಬೆಂಡೋಲೆ ಹಾಕುತ್ತೇನೆ. ನೂರು ಗಂಟೆ ಸುಮ್ನೆ ಓಡಿಸಿ, ತಾನೇ ಸರಿಹೋಗುತ್ತೆ ಅಂತ ಅಂಗಡಿಯವರು ಅಂದರು. ಬೆಂಗಳೂರಿನಲ್ಲಿರುವ ನನ್ನ ತಮ್ಮ 250 ಓಮ್‌ನದು ತಗೋ, ಜೊತೆಗೆ ಆಂಪ್ಲಿಫೈಯರ್ ಬೇಕು ಅನ್ನುತ್ತಾನೆ. ಇಂಟರ್ನೆಟ್ಟಿನಲ್ಲಿ ನೋಡಿದರೆ ಸೋನಿ, ಸೆನ್‌ಹೈಸರ್, ಆಡಿಯೋ ಟೆಕ್ನಿಕಾ, ಎಕೆಜಿ, ಬೇಯರ್‌ಡೈನಾಮಿಕ್ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. 20 ಸಾವಿರದವರೆಗೆ ಹಾಕಬಲ್ಲೆ. ನನ್ನದು ಕೆಟ್ಟಿದೆಯಾ? ಹೊಸದು ಕೊಳ್ಳುವುದಾದರೆ ಯಾವುದು?

ಉತ್ತರ: ಮೇಡಂ, ನಿಮ್ಮ ಹೆಡ್‌ಫೋನ್ ಬಹುಶಃ ಕೆಟ್ಟಿಲ್ಲ. ಅದು ನಿಮ್ಮ ತಲೆಗೆ ಸರಿಯಾಗಿ ಕೂತಿಲ್ಲ. ಬೇಸ್ ಇಲ್ಲದಿರುವುದು ಒಂದು ತೊಂದರೆ, ಕಿವಿ ನೋವು ಇನ್ನೊಂದು ತೊಂದರೆ ಅಂತ ನೀವು ಬರೆದಿದ್ದೀರಿ. ನನಗೆ ಎರಡರ ಬೇರೂ ಒಂದೇ ಕಡೆ ಕಾಣುತ್ತಿದೆ. ಕ್ಲೋಸ್ಡ್ ಬ್ಯಾಕ್‌ನಲ್ಲಿ ಆರಾಮವನ್ನೂ ದನಿಯನ್ನೂ ಬೇರೆ ಬೇರೆ ಮಾಡಿ ನೋಡಲು ಆಗುವುದಿಲ್ಲ. ಕಿವಿಯ ಸುತ್ತ ಪ್ಯಾಡ್ ಹೇಗೆ ಕೂರುತ್ತದೋ ದನಿ ಹಾಗೆ ಬರುತ್ತದೆ. ಕಲಬುರಗಿಯಲ್ಲಿ ಧ್ವನಿಮುದ್ರಣದ ಕೆಲಸ ಮಾಡುತ್ತಾ ನಾನು ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ಒಂದೇ ಹೆಡ್‌ಫೋನನ್ನು ಇಬ್ಬರು ಹಾಡುಗಾರರಿಗೆ ಕೊಟ್ಟರೆ ಒಬ್ಬರು ಬೇಸ್ ಜಾಸ್ತಿ ಅನ್ನುತ್ತಾರೆ, ಇನ್ನೊಬ್ಬರು ಬೇಸೇ ಇಲ್ಲ ಅನ್ನುತ್ತಾರೆ. ಇಬ್ಬರದೂ ನಿಜ.

ಹೊಸದರ ಮಾತಿಗೆ ಮೊದಲು ಇವತ್ತು ರಾತ್ರಿ ಒಂದು ಪರೀಕ್ಷೆ ಮಾಡಿ ನೋಡಿ. ಕೂಲರ್ ಬಂದ್ ಮಾಡಿ. ಫೋನಿನಲ್ಲಿ ತಂಬೂರಿ ಆಪ್ ತೆರೆದು ಗಂಡುದನಿಯ ಶ್ರುತಿ, ಕರಿ ಒಂದು ಇಟ್ಟುಕೊಳ್ಳಿ. ಈ ಶ್ರುತಿಯಲ್ಲಿ ಜೋಡಿ ತಂತಿಗಳ ಷಡ್ಜ ಸುಮಾರು 139 ಹರ್ಟ್ಸ್, ಕೊನೆಯ ಖರ್ಜದ ತಂತಿ ಅದರ ಅರ್ಧ, ಅಂದರೆ ಸುಮಾರು 69 ಹರ್ಟ್ಸ್. ನಮಗೆ ಬೇಕಾದ್ದು ಆ ಖರ್ಜ. ಎಂದಿನಂತೆ ಕನ್ನಡಕ, ಬೆಂಡೋಲೆ ಹಾಕಿಕೊಂಡೇ ಸ್ವಲ್ಪ ಹೊತ್ತು ಕೇಳಿ. ಆಮೇಲೆ ಎರಡೂ ಅಂಗೈಯನ್ನು ಎರಡೂ ಕಪ್‌ಗಳ ಮೇಲಿಟ್ಟು ಮೆಲ್ಲಗೆ ಒತ್ತಿ. ತುಸು ವ್ಯತ್ಯಾಸ ಯಾವ ಹೆಡ್‌ಫೋನಿನಲ್ಲಾದರೂ ಆಗುತ್ತದೆ. ಆದರೆ ಖರ್ಜ ಒಮ್ಮೆಲೇ ಎದ್ದು ಬಂತು, ತಂಬೂರಿ ಪೂರ್ತಿ ತುಂಬಿಕೊಂಡಿತು ಅಂದರೆ ಪ್ಯಾಡ್ ಸುತ್ತ ಗಾಳಿ ಸೋರುತ್ತಿದೆ. ಈಗ ಕನ್ನಡಕ ತೆಗೆದಿಟ್ಟು, ಒತ್ತದೆ ಕೇಳಿ. ಆಮೇಲೆ ಬೆಂಡೋಲೆಯನ್ನೂ ತೆಗೆದು ಕೇಳಿ. ಯಾವುದನ್ನು ತೆಗೆದಾಗ ಖರ್ಜ ಮರಳಿ ಬಂತೋ ಅದೇ ಕಾರಣ.

ಒಂದು ಕಡೆ ಮಾತ್ರ ದನಿ ಕಡಿಮೆ ಅನಿಸಿದರೆ ಇನ್ನೊಂದು ಪರೀಕ್ಷೆ ಇದೆ. ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಳ್ಳಿ, ಎಡಗಡೆಯದು ಬಲಗಿವಿಗೆ. ಸೋತ ದನಿ ಈಗ ಇನ್ನೊಂದು ಕಿವಿಗೆ ಹೋಯಿತು ಅಂದರೆ ದೋಷ ಹೆಡ್‌ಫೋನಿನಲ್ಲಿ ಅಥವಾ ವೈರಿನಲ್ಲಿ. ಆಗ ವಾರಂಟಿ ಕೇಳಿ. ಅದೇ ಕಿವಿಯಲ್ಲೇ ಉಳಿಯಿತು ಅಂದರೆ ಪ್ಯಾಡ್ ಕೂರುವ ರೀತಿಯದು, ಇಲ್ಲವೇ ಕಿವಿಯದು. ಗುಗ್ಗೆ ಕಟ್ಟಿದ್ದರೂ ಹೀಗಾಗುತ್ತದೆ. ಅದಕ್ಕೆ ಡಾಕ್ಟರ್ ಹತ್ತಿರ ಹೋಗಬೇಕು, ಕಡ್ಡಿ ಹಾಕಬೇಡಿ.

ಇಷ್ಟು ಸಣ್ಣ ಸಂದು ಬೇಸನ್ನು ಹೇಗೆ ತಿನ್ನುತ್ತದೆ ಅಂತ ನಿಮಗೆ ಅನಿಸಬಹುದು. ಹೆಡ್‌ಫೋನಿನ ಡಯಾಫ್ರಂ, ಅಂದರೆ ಅದುರಿ ದನಿ ಹುಟ್ಟಿಸುವ ತೆಳು ಪೊರೆ, ಬೆರಳೆಣಿಕೆಯ ಸೆಂಟಿಮೀಟರಿನದು. ಸ್ಪೀಕರಿನ ಹಾಗೆ ಕೋಣೆಯ ಗಾಳಿಯನ್ನು ಅಲ್ಲಾಡಿಸುವ ಶಕ್ತಿ ಅದಕ್ಕಿಲ್ಲ. ಕಿವಿಗೂ ಅದಕ್ಕೂ ನಡುವೆ ಇರುವ ಒಂದಿಷ್ಟು ಗಾಳಿಯನ್ನು ಹಿಂಡಿ, ಹಿಗ್ಗಿಸಿ ಅದು ಕೆಳಗಿನ ಸ್ವರ ಹುಟ್ಟಿಸುತ್ತದೆ. ಆ ಗಾಳಿ ಮುಚ್ಚಿಕೊಂಡಿದ್ದರೆ ಮಾತ್ರ ಒತ್ತಡ ನಿಲ್ಲುತ್ತದೆ. ಪ್ಯಾಡ್ ಇಲ್ಲಿ ಕುಕ್ಕರಿನ ರಬ್ಬರ್ ಇದ್ದ ಹಾಗೆ. ಒಂದು ಕಡೆ ಸಂದು ಬಿಟ್ಟರೂ ಒತ್ತಡ ಏರುವುದಿಲ್ಲ. ಕನ್ನಡಕದ ಕಡ್ಡಿ ಕಿವಿಯ ಮೇಲೆ ಪ್ಯಾಡನ್ನು ಎತ್ತಿ ಹಿಡಿಯುತ್ತದೆ, ಕಡ್ಡಿಯ ಮುಂದೆ ಹಿಂದೆ ಸಂದು ಉಳಿಯುತ್ತದೆ. ಗಾಳಿ ಅಲ್ಲಿಂದ ಹೊರಟು ಹೋಗುತ್ತದೆ. ನೂರು-ಇನ್ನೂರು ಹರ್ಟ್ಸ್‌ನ ಕೆಳಗಿನ ದನಿ ಸೊರಗುತ್ತದೆ, ಮೇಲಿನ ಸ್ವರಗಳು ಹಾಗೇ ಉಳಿಯುತ್ತವೆ. ಕೇಳುವವರಿಗೆ ತಬಲಾದ ಎಡಗೈಯ ಡಗ್ಗಾ ಮಾಯವಾಗಿ ಬರೀ ಬಲಗೈಯ ದಾಯಾಂ ಟಣ್ ಟಣ್ ಅಂದಂತೆ ಆಗುತ್ತದೆ. ನೀವು ಪೇಲವ ಅಂದದ್ದು ಇದೇ ಅಲ್ವಾ?

ಬೆಂಡೋಲೆಯ ಕತೆ ಸ್ವಲ್ಪ ಬೇರೆ. ಅದು ಪ್ಯಾಡಿನ ಒಳಗೆ, ಕಿವಿಹಾಲೆಯ ಮೇಲೆ ಇರುತ್ತದೆ. ಕಪ್‌ನ ಒಳಜಾಗ ಚಿಕ್ಕದಾಗಿದ್ದರೆ ಪ್ಯಾಡಿನ ಅಂಚು ಹಾಲೆಯನ್ನೇ ತುಳಿಯುತ್ತದೆ. ಓಲೆಯ ಹಿಂದಿನ ತಿರುಪು ಕಿವಿಯ ಹಿಂದೆ ಚುಚ್ಚುತ್ತದೆ. ಒಂದು ಗಂಟೆಗೆ ಶುರುವಾಗುವ ನೋವು ಸಾಮಾನ್ಯವಾಗಿ ಎರಡು ಜಾಗದಲ್ಲಿ ಇರುತ್ತದೆ: ಕನ್ನಡಕದ ಕಡ್ಡಿ ತಲೆಗೆ ಒತ್ತುವ ಜಾಗ, ತಿರುಪು ಚುಚ್ಚುವ ಜಾಗ. ಸಂದು ಮುಚ್ಚಲಿ ಅಂತ ಜೋರಾಗಿ ಬಿಗಿಯುವ ಹೆಡ್‌ಫೋನ್ ಹುಡುಕಿದರೆ ಈ ನೋವು ಜಾಸ್ತಿಯಾಗುತ್ತದೆ. ನೋವು ಅಂತ ತಲೆಪಟ್ಟಿ ಸಡಿಲಿಸಿದರೆ ಬೇಸ್ ಇನ್ನಷ್ಟು ಸೋರುತ್ತದೆ. ನೀವು ಸಿಕ್ಕಿಕೊಂಡಿರುವುದು ಇಲ್ಲಿ. ಇದಕ್ಕೆ ದಾರಿ ಬಿಗಿಯಲ್ಲಿಲ್ಲ, ಪ್ಯಾಡಿನ ಮೆತ್ತಗೆಯಲ್ಲಿ ಮತ್ತು ಆಳದಲ್ಲಿ ಇದೆ.

ಹಾಗಾದರೆ ಅಂಗಡಿಯಲ್ಲಿ ಯಾಕೆ ಚೆನ್ನಾಗಿ ಕೇಳಿಸಿತು? ಬಹಳ ಜನ ಕೇಳುವ ಪ್ರಶ್ನೆ ಇದು. ಅಂಗಡಿಯಲ್ಲಿ ದನಿ ಜೋರಾಗಿ ಇಡುತ್ತಾರೆ, ಬೇಸ್ ತುಂಬಿದ ಸಿನಿಮಾ ಹಾಡು ಹಾಕುತ್ತಾರೆ. ಹಾಕಿಕೊಂಡವರು ತಾವಾಗಿಯೇ ಎರಡೂ ಕೈಯಿಂದ ಕಪ್ ಹಿಡಿದುಕೊಳ್ಳುತ್ತಾರೆ. ಅಲ್ಲಿಗೆ ಸಂದು ಮುಚ್ಚಿತು. ಇದರ ಜೊತೆಗೆ ನಮ್ಮ ಕಿವಿಯ ಒಂದು ಗುಣವೂ ಸೇರುತ್ತದೆ. ದನಿ ಮೆಲ್ಲಗಾದಷ್ಟೂ ಕಿವಿಗೆ ಬೇಸ್ ಕಡಿಮೆ ಕೇಳಿಸುತ್ತದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಅದೇ ಹೆಡ್‌ಫೋನ್, ಅದೇ ಹಾಡು. ರಾತ್ರಿ ಹತ್ತು ಗಂಟೆಗೆ ಮೆಲ್ಲಗೆ ಇಟ್ಟರೆ ಡಗ್ಗಾ ಹಿಂದೆ ಸರಿಯುತ್ತದೆ.

ಅದರ ಮೇಲೆ ನಿಮ್ಮ ಕೂಲರ್. ನಮ್ಮ ಭಾಗದ ಬೇಸಿಗೆಯಲ್ಲಿ ಅದಿಲ್ಲದೆ ಮಲಗುವಂತಿಲ್ಲ. ಕ್ಲೋಸ್ಡ್ ಬ್ಯಾಕ್ ಹಾಕಿದರೆ ಹೊರಗಿನ ಸದ್ದೆಲ್ಲ ನಿಲ್ಲುತ್ತದೆ ಅನ್ನುವುದು ಅರ್ಧ ನಿಜ. ಮೇಲಿನ ಸ್ವರದ ಸದ್ದನ್ನು, ಅಂದರೆ ಕೂಲರಿನ ಶ್ಶ್ ಅನ್ನುವ ಗಾಳಿ, ಪಾತ್ರೆ ಸದ್ದು, ಇಂಥವನ್ನು ಪ್ಯಾಡು ಚೆನ್ನಾಗಿ ತಡೆಯುತ್ತದೆ. ಮೋಟರಿನ ಗುಂಯ್ ಅನ್ನುವ ಕೆಳದನಿ ಹೆಚ್ಚುಕಡಿಮೆ ಹಾಗೇ ಒಳಗೆ ಬರುತ್ತದೆ. ಅದು ಹಾಡಿನ ಕೆಳಗಿನ ಸ್ವರಗಳನ್ನೇ ಮುಚ್ಚುತ್ತದೆ. ಸಂದು ಬಿಟ್ಟಿದ್ದರೆ ಇನ್ನೂ ಜಾಸ್ತಿ. ಬರೀ ಶಹಾಬಾದ್ ಫರಸಿ ಹಾಸಿದ, ಸಾಮಾನು ಕಡಿಮೆ ಇರುವ ಕೋಣೆಯಾದರೆ ಸದ್ದು ನೆಲಕ್ಕೂ ಗೋಡೆಗೂ ಬಡಿದು ಸುತ್ತುತ್ತಲೇ ಇರುತ್ತದೆ. ಕೂಲರನ್ನು ಕಿಟಕಿಯ ಹೊರಗಡೆ ಕೂರಿಸಿ, ನೆಲಕ್ಕೆ ಒಂದು ದಪ್ಪ ಜಮಖಾನ ಹಾಸಿದರೆ ಗಾಳಿಯ ಸದ್ದು ಕಡಿಮೆಯಾಗುವುದು ಗೊತ್ತಾಗುತ್ತದೆ. ಹೆಡ್‌ಫೋನಿಗೆ ದುಡ್ಡು ಹಾಕುವ ಮೊದಲು ಮಾಡಬಹುದಾದ ಕೆಲಸ ಇದು.

ಈಗ ನಿಮಗೆ ಬಂದ ಸಲಹೆಗಳನ್ನು ನೋಡೋಣ.

ನೂರು ಗಂಟೆ ಓಡಿಸುವ ಮಾತು ಬಿಟ್ಟುಬಿಡಿ. ಬಳಸುತ್ತಾ ಡಯಾಫ್ರಂನಲ್ಲಿ ಆಗುವ ಬದಲಾವಣೆ ಕಿವಿಗೆ ತಿಳಿಯುವಷ್ಟು ದೊಡ್ಡದಲ್ಲ. ನಿಜವಾಗಿ ಬದಲಾಗುವುದು ಪ್ಯಾಡ್. ತಲೆಯ ಬಿಸಿಗೆ, ಒತ್ತಿಗೆ ಅದು ಮೆತ್ತಗಾಗಿ ಸ್ವಲ್ಪ ಚೆನ್ನಾಗಿ ಕೂರುತ್ತದೆ. ಅದಕ್ಕೆ ತಲೆಯ ಮೇಲೆ ಹಾಕಿಕೊಳ್ಳಬೇಕು, ಮೇಜಿನ ಮೇಲಿಟ್ಟು ಓಡಿಸಿದರೆ ಆಗುವುದಿಲ್ಲ. ಇನ್ನೊಂದು, ನಮ್ಮ ಕಿವಿಯೇ ಆ ದನಿಗೆ ಒಗ್ಗಿಕೊಳ್ಳುತ್ತದೆ. ಈ ಸಲಹೆಯಿಂದ ಆಗುವ ನಷ್ಟ ಏನೆಂದರೆ ನೂರು ಗಂಟೆ ಮುಗಿಯುವಷ್ಟರಲ್ಲಿ ವಾಪಸ್ ಕೊಡುವ ಅವಧಿ ಮುಗಿದಿರುತ್ತದೆ. ನಿಮ್ಮದು ಇನ್ನೂ ಆ ಅವಧಿಯಲ್ಲಿದ್ದರೆ ಕೂಡಲೇ ಬಿಲ್ ತೆಗೆದು ನೋಡಿ.

ನಿಮ್ಮ ತಮ್ಮ ಹೇಳಿದ 250 ಓಮ್. ಓಮ್ ಜಾಸ್ತಿ ಇದ್ದರೆ ದನಿ ಒಳ್ಳೆಯದು ಅಂತ ಬಹಳ ಜನ ತಿಳಿದಿದ್ದಾರೆ. ಓಮ್ ಅನ್ನುವುದು ಹೆಡ್‌ಫೋನಿನ ವಿದ್ಯುತ್ ತಡೆಯ ಅಳತೆ, ದನಿಯ ಗುಣಮಟ್ಟದ ಅಳತೆ ಅಲ್ಲ. ಅದು ಯಾವ ಯಂತ್ರಕ್ಕೆ ಜೋಡಿಸಬೇಕು ಅನ್ನುವುದರ ಸೂಚನೆ. ಸ್ಟುಡಿಯೋದ ದೊಡ್ಡ ಯಂತ್ರಗಳು ಹೆಚ್ಚು ವೋಲ್ಟೇಜ್ ಕೊಡುತ್ತವೆ, ಅವಕ್ಕೆ 250 ಓಮ್ ಹೊಂದುತ್ತದೆ. ಫೋನಿಗೆ 32 ಅಥವಾ 80 ಓಮ್ ಸಲೀಸು. ಲೆಕ್ಕ ಹಾಕಿ ನೋಡಿ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಒಂದು ಮಿಲಿವ್ಯಾಟ್‌ಗೆ ಸುಮಾರು 96 ಡೆಸಿಬಲ್ ಜೋರಿನ ದನಿ ಕೊಡುತ್ತದೆ. ಒಂದು ವೋಲ್ಟ್ ಕೊಡುವ ಟೈಪ್ ಸಿ ಡಾಂಗಲ್, ಅಂದರೆ ಫೋನಿಗೂ ಹೆಡ್‌ಫೋನ್ ವೈರಿಗೂ ನಡುವೆ ಜೋಡಿಸುವ ಪುಟ್ಟ ಸಾಧನ, ಹಾಕಿದರೆ 80 ಓಮ್‌ನದು 107 ಡೆಸಿಬಲ್‌ವರೆಗೆ ಹೋಗುತ್ತದೆ, 250 ಓಮ್‌ನದು 102ರವರೆಗೆ. ಮನೆಯಲ್ಲಿ ರಾತ್ರಿ ಕೇಳಲು ಅದರ ಹತ್ತಿರಕ್ಕೂ ಹೋಗಬಾರದು. ಹಳೆಯ ಖಯಾಲ್ ರೆಕಾರ್ಡಿಂಗ್‌ಗಳ ದನಿಮಟ್ಟ ಇವತ್ತಿನ ಹಾಡುಗಳಿಗಿಂತ ಕಡಿಮೆ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದರೂ 80 ಓಮ್‌ಗೆ ಡಾಂಗಲ್ ಸಾಕು. ಬೇರೆ ಆಂಪ್ಲಿಫೈಯರ್ ಈಗ ಬೇಡ. ಸೋರುವ ಬೇಸನ್ನು ಆಂಪ್ಲಿಫೈಯರ್ ತಡೆಯುವುದಿಲ್ಲ.

ದುಬಾರಿಯದಾದರೆ ದನಿ ಒಳ್ಳೆಯದಿರಲೇಬೇಕು ಅನ್ನುವುದೂ ನಿಲ್ಲುವುದಿಲ್ಲ. ಜೆರೋನ್ ಬ್ರೀಬಾರ್ಟ್ ಎಂಬ ಸಂಶೋಧಕರು 2017ರಲ್ಲಿ 283 ಹೆಡ್‌ಫೋನ್‌ಗಳ ಅಳತೆಗಳನ್ನು ಬೆಲೆಯ ಜೊತೆ ಇಟ್ಟು ನೋಡಿದರು. ಬೆಲೆಗೂ ಸ್ವರಗಳ ಸಮತೋಲನಕ್ಕೂ ಸಂಬಂಧ ಸಿಗಲಿಲ್ಲ. ಬಾಳಿಕೆ, ಕಟ್ಟಣಿಕೆ, ಪ್ಯಾಡಿನ ಮೆತ್ತಗೆ ಇವಕ್ಕೆ ದುಡ್ಡು ಕೊಡುವುದು ಸರಿ. ಡಬ್ಬದ ಮೇಲೆ 5ರಿಂದ 35,000 ಹರ್ಟ್ಸ್ ಅಂತ ಬರೆದದ್ದಕ್ಕೆ ಕೊಡಬೇಡಿ. ಮನುಷ್ಯರ ಕಿವಿಗೆ ಕೇಳುವುದೇ ಹೆಚ್ಚೆಂದರೆ 20,000ದವರೆಗೆ, ವಯಸ್ಸಾದಂತೆ ಅದೂ ಇಳಿಯುತ್ತದೆ.

ಇನ್ನು ನೀವು ಹೇಳಿದ ಐದು ಹೆಸರು. ನೀವು ಮಾಡೆಲ್ ಬರೆದಿಲ್ಲ. ನಿಮ್ಮ ಬಜೆಟ್ಟಿನಲ್ಲಿ ಆ ಕಂಪನಿಗಳ ಹೆಸರಾದ ಮಾಡೆಲ್‌ಗಳನ್ನೇ ಹಿಡಿದು ಹೇಳುತ್ತೇನೆ. ನಿಮ್ಮ ತಲೆ, ಕನ್ನಡಕ, ಓಲೆ, ಹಾಡುಗಳನ್ನು ಮುಂದಿಟ್ಟುಕೊಂಡು ನೋಡಿದ್ದೇನೆ. ಬೇರೆಯವರಿಗೆ ಉತ್ತರ ಬೇರೆಯಾದೀತು.

ಸೋನಿ ಎಂಡಿಆರ್ 7506 ಬಂದಿದ್ದು 1991ರಲ್ಲಿ. ಇವತ್ತಿಗೂ ಸ್ಟುಡಿಯೋಗಳಲ್ಲಿ ಸಿಗುತ್ತದೆ. ತೂಕ 230 ಗ್ರಾಂ, ತಲೆಗೆ ಭಾರವಿಲ್ಲ. ಮಾತು ಬಹಳ ಸ್ಪಷ್ಟ. ಆದರೆ ಪ್ಯಾಡ್ ತೆಳು, ಒಳಜಾಗ ಆಳವಿಲ್ಲ. ಓಲೆ ಹಾಕಿದ ಕಿವಿಗೆ ಎರಡು ಗಂಟೆ ಕಷ್ಟ. ಮೇಲಿನ ಸ್ವರ ಚೂಪು. ತಪ್ಪು ಹಿಡಿಯುವ ಕೆಲಸಕ್ಕೆ ಅದು ಒಳ್ಳೆಯದು, ಮಲಗುವ ಮೊದಲು ಕೇಳುವುದಕ್ಕಲ್ಲ.

ಸೆನ್‌ಹೈಸರ್ ಎಚ್‌ಡಿ 280 ಪ್ರೊ ಹೊರಗಿನ ಸದ್ದನ್ನು 32 ಡೆಸಿಬಲ್‌ವರೆಗೆ ತಡೆಯುತ್ತದೆ ಅಂತ ಕಂಪನಿ ಹೇಳುತ್ತದೆ. ತಡೆಯುವುದೂ ನಿಜ. ಅದಕ್ಕಾಗಿ ಅದು ತಲೆಯನ್ನು ಬಿಗಿಯಾಗಿ ಹಿಡಿಯುತ್ತದೆ. ತಬಲಾದವರ ಪಕ್ಕ ಕೂತು ರೆಕಾರ್ಡಿಂಗ್ ಮಾಡುವವರಿಗೆ ನಾನು ಇಂಥದ್ದನ್ನೇ ಹೇಳುತ್ತೇನೆ. ಕನ್ನಡಕ ಹಾಕುವ ನಿಮಗೆ ಹೇಳಲಾರೆ.

ಆಡಿಯೋ ಟೆಕ್ನಿಕಾ ಎಟಿಎಚ್ ಎಂ50ಎಕ್ಸ್ ಎಲ್ಲ ಕಡೆ ಹೆಸರು ಮಾಡಿದೆ. 38 ಓಮ್, 285 ಗ್ರಾಂ, ವೈರ್ ಬಿಚ್ಚಿ ಬದಲಿಸಬಹುದು, ಮಡಚಿ ಇಡಬಹುದು. ಬೇಸ್ ಕೊಬ್ಬಿದ್ದು. ಸಿನಿಮಾ ಹಾಡಿಗೆ ಕುಣಿಸುತ್ತದೆ. ಖಯಾಲಿನಲ್ಲಿ ಗಾಯಕರ ದನಿ ಅರ್ಧ ಹೆಜ್ಜೆ ಹಿಂದೆ ನಿಂತಂತೆ ನನಗೆ ಕೇಳುತ್ತದೆ. ಪ್ಯಾಡ್ ರೆಕ್ಸಿನ್ ತರಹದ್ದು, ಒಳಜಾಗ ಸಾಧಾರಣ. ಚಿಕ್ಕ ಕಿವಿಯಾದರೆ ಸರಿ, ಓಲೆಯ ಜೊತೆ ಹಾಕಿ ನೋಡಿಯೇ ಹೇಳಬೇಕು.

ಎಕೆಜಿ ಕೆ371 ನನಗೆ ಬಹಳ ಮೆಚ್ಚುಗೆಯದು. ಕೇಳುಗರಿಗೆ ಯಾವ ಸಮತೋಲನದ ದನಿ ಹಿಡಿಸುತ್ತದೆ ಅಂತ ಎಕೆಜಿಯ ಮಾಲೀಕ ಕಂಪನಿ ಹರ್ಮನ್‌ನ ಸೀನ್ ಆಲಿವ್, ಟಾಡ್ ವೆಲ್ಟಿ ಮತ್ತಿತರರು ವರ್ಷಗಟ್ಟಲೆ ಜನರನ್ನು ಕೂರಿಸಿ ಪರೀಕ್ಷೆ ಮಾಡಿದರು. ಆ ಗುರಿಗೆ ಹತ್ತಿರವಾಗಿ ಮಾಡಿದ ಹೆಡ್‌ಫೋನ್ ಇದು. 32 ಓಮ್, 255 ಗ್ರಾಂ. ಹೆಣ್ಣುದನಿ, ಗಂಡುದನಿ, ಸಾರಂಗಿ, ಹಾರ್ಮೋನಿಯಂ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತವೆ. ತತ್ವಪದದಲ್ಲಿ ಏಕತಾರಿ ಮತ್ತು ದಮಡಿ ಬೇರೆ ಬೇರೆಯಾಗಿ ಸಿಗುತ್ತವೆ. ಆದರೆ ಇದರ ಕೆಳದನಿ ಪೂರ್ತಿ ಪ್ಯಾಡಿನ ಕೂರುವಿಕೆಯ ಮೇಲೆ ನಿಂತಿದೆ. ಕನ್ನಡಕದ ಕಡ್ಡಿ ದಪ್ಪವಾಗಿದ್ದರೆ ಬೇಸ್ ಕುಸಿಯುವುದು ಇದರಲ್ಲಿ ಎದ್ದು ಕಾಣುತ್ತದೆ. ಕೇಳುವಾಗ ಕನ್ನಡಕ ತೆಗೆದಿಡುವ ಅಭ್ಯಾಸ ಮಾಡಿಕೊಳ್ಳಬಲ್ಲಿರಾದರೆ, ದನಿಯ ಮಟ್ಟಿಗೆ ಈ ಐದರಲ್ಲಿ ಇದೇ ಮುಂದೆ. ಮಡಚುವ ಕೀಲನ್ನು ಮಾತ್ರ ಜೋಪಾನವಾಗಿ ಹಿಡಿಯಬೇಕು.

ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ, 80 ಓಮ್. ಹೆಚ್ಚುಕಡಿಮೆ 270 ಗ್ರಾಂ. ನಿಮಗೆ ನಾನು ಮೊದಲು ಹಾಕಿ ನೋಡಿ ಅನ್ನುವುದು ಇದನ್ನು. ಪ್ಯಾಡ್ ಮಖಮಲ್ಲಿನದು, ದುಂಡಗೆ, ಆಳವಾಗಿ ಇದೆ. ಕಿವಿ ಓಲೆಸಮೇತ ಒಳಗೆ ಕೂರುತ್ತದೆ. ಕನ್ನಡಕದ ಕಡ್ಡಿ ಮೆತ್ತನೆಯ ಪ್ಯಾಡಿನೊಳಗೆ ಹುದುಗುತ್ತದೆ, ತಲೆಗೆ ಒತ್ತುವುದು ಕಡಿಮೆ. ಮಖಮಲ್ಲು ರೆಕ್ಸಿನ್ನಿನಷ್ಟು ಬಿಗಿಯಾಗಿ ಗಾಳಿ ತಡೆಯುವುದಿಲ್ಲ, ಅದು ನಿಜ. ಆದರೆ ಇದರ ಬೇಸ್ ಮೊದಲಿಗೇ ಎತ್ತರಿಸಿದ್ದು, ಸ್ವಲ್ಪ ಸೋರಿದರೂ ಖಯಾಲಿಗೆ ಬೇಕಾದಷ್ಟು ಉಳಿಯುತ್ತದೆ. 32 ಓಮ್‌ನ ಮಾದರಿಗೆ ಮಖಮಲ್ಲಿನ ಬದಲು ರೆಕ್ಸಿನ್ ತರಹದ ಪ್ಯಾಡ್ ಬರುತ್ತದೆ. ಹಾಗಾಗಿ ಓಮ್ ನೋಡಿ ತರಿಸಿ.

ಇದರ ಕುಂದು ಹೇಳದೆ ಬಿಡುವಂತಿಲ್ಲ. 8 ಸಾವಿರ ಹರ್ಟ್ಸ್ ಆಸುಪಾಸಿನಲ್ಲಿ ದನಿ ಏರಿ ಬಿಡುತ್ತದೆ. ವಚನ ಹಾಡುವಾಗ ಸ, ಶ ಅಕ್ಷರಗಳು ಕಿವಿಗೆ ಚುರುಕ್ ಅನ್ನುತ್ತವೆ. ಮಲ್ಲಿಕಾರ್ಜುನ ಮನ್ಸೂರರದೋ ಸಿದ್ಧರಾಮ ಜಂಬಲದಿನ್ನಿಯವರದೋ ಹಳೆಯ ರೆಕಾರ್ಡಿಂಗ್ ಹಾಕಿದರೆ ಟೇಪಿನ ಸುಯ್ ಸದ್ದು ಮುಂದಕ್ಕೆ ಬರುತ್ತದೆ. ತಂಬೂರಿಯ ಜವಾರಿ, ಅಂದರೆ ತಂತಿಯ ಝೇಂಕಾರ, ಮಿನುಗುವುದು ಚೆನ್ನಾಗಿ ಕೇಳುತ್ತದೆ, ಆದರೆ ಅರ್ಧ ಗಂಟೆಗೆ ದಣಿವು. ಇದಕ್ಕೆ ಮದ್ದು ಈಕ್ವಲೈಜರ್, ಅಂದರೆ ಬೇಕಾದ ಸ್ವರಗಳ ದನಿಯನ್ನಷ್ಟೇ ಏರಿಸಿ ಇಳಿಸುವ ಸಾಧನ. ಆಂಡ್ರಾಯ್ಡ್ ಫೋನಿನಲ್ಲಿ ವೇವ್‌ಲೆಟ್ ಆಪ್, ವಿಂಡೋಸ್ ಕಂಪ್ಯೂಟರಿನಲ್ಲಾದರೆ ಉಚಿತವಾಗಿ ಸಿಗುವ ಈಕ್ವಲೈಜರ್ ಎಪಿಒ ಹಾಕಿಕೊಂಡು 8 ಸಾವಿರದ ಹತ್ತಿರ ನಾಲ್ಕೈದು ಡೆಸಿಬಲ್ ಇಳಿಸಿ. ಹೀಗೆ ಏರಿದ್ದನ್ನು ಇಳಿಸುವುದರಿಂದ ಅಪಾಯವಿಲ್ಲ. ಸೋರಿಹೋದ ಬೇಸನ್ನು ಏರಿಸಲು ಹೋಗಬೇಡಿ. ಡಯಾಫ್ರಂಗೆ ಭಾರ ಬಿದ್ದು ದನಿ ಒಡೆಯುತ್ತದೆ. ಮೇಲಾಗಿ ಕನ್ನಡಕ ಸರಿದಂತೆಲ್ಲ ಬೇಸ್ ಬದಲಾಗುವುದರಿಂದ ಒಂದು ಲೆಕ್ಕ ನಿಲ್ಲುವುದಿಲ್ಲ.

ಇನ್ನೊಂದು ತೊಡಕು ವೈರಿನದು. 80 ಓಮ್‌ನದಕ್ಕೆ 3 ಮೀಟರ್ ವೈರ್, ಬಿಚ್ಚಲು ಬರುವುದಿಲ್ಲ. ಮಂಚದ ಮೇಲೆ ಕೂತು ಕೇಳುವಾಗ ಕತ್ತಲಲ್ಲಿ ಯಾರ ಕಾಲಿಗಾದರೂ ಸಿಕ್ಕೀತು. ಸುತ್ತಿ, ರಿಬ್ಬನ್ ಕಟ್ಟಿ ಬಳಸಿ.

ಪಟ್ಟಿಯ ಹೊರಗಿನ ಎರಡು ದಾರಿಯನ್ನೂ ಹೇಳುತ್ತೇನೆ. ಒಂದು, ಸದ್ದು ಕಳೆಯುವ ಬ್ಲೂಟೂತ್ ಹೆಡ್‌ಫೋನ್, ಎಎನ್‌ಸಿ ಅಂತ ಕರೆಯುತ್ತಾರಲ್ಲ, ಅದು. ಆಡಿಯೋ ಪ್ರಿಯರು ಇದನ್ನು ಪಕ್ಕಕ್ಕೆ ಸರಿಸುವುದುಂಟು. ನಿಮ್ಮಂಥವರಿಗೆ ನಾನು ಹಾಗೆ ಸರಿಸುವುದಿಲ್ಲ. ಕೂಲರಿನ ಒಂದೇ ಸಮನೆ ಗುಂಯ್ ಅನ್ನುವ ಕೆಳದನಿಯೇ ಇದು ಚೆನ್ನಾಗಿ ಕಳೆಯುವ ಸದ್ದು, ಪ್ಯಾಡ್ ತಡೆಯಲಾರದ್ದು. ಇನ್ನೂ ಒಂದು ಅನುಕೂಲ ಇದೆ. ಇವುಗಳಲ್ಲಿ ಹಲವಕ್ಕೆ ಕಪ್‌ನ ಒಳಗೂ ಒಂದು ಮೈಕ್ ಇರುತ್ತದೆ. ಕಿವಿಯ ಹತ್ತಿರ ಬೇಸ್ ಕಡಿಮೆಯಾದದ್ದು ಅದಕ್ಕೆ ಗೊತ್ತಾಗಿ, ಒಂದು ಮಟ್ಟಿಗೆ ತಾನೇ ತುಂಬಿಕೊಡುತ್ತದೆ. ಕನ್ನಡಕದವರಿಗೆ ಬೇಸ್ ಸ್ಥಿರವಾಗಿ ಸಿಗುತ್ತದೆ. ತೊಂದರೆ ಬ್ಯಾಟರಿಯದು. ಕೆಲವು ವರ್ಷಕ್ಕೆ ಬ್ಯಾಟರಿ ಸೋಲುತ್ತದೆ, ಬದಲಿಸಲು ನಮ್ಮ ಊರುಗಳಲ್ಲಿ ಸುಲಭವಿಲ್ಲ. ವೈರಿನ ಹೆಡ್‌ಫೋನಿಗೆ ಪ್ಯಾಡ್ ಬದಲಿಸುತ್ತಾ ಹೋದರೆ ಬಹಳ ಕಾಲ ನಡೆಯುತ್ತದೆ. ಜೊತೆಗೆ ಹಲವು ಬ್ಲೂಟೂತ್ ಮಾದರಿಗಳ ಮೂಲ ದನಿಯೇ ಬೇಸ್ ಕಡೆ ವಾಲಿರುತ್ತದೆ, ಅವುಗಳ ಆಪ್‌ನಲ್ಲಿ ಇಳಿಸಿಕೊಳ್ಳಬೇಕು.

ಎರಡನೆಯದು, ಕಿವಿಯೊಳಗೆ ಕೂರುವ ಇಯರ್‌ಫೋನ್. ಕನ್ನಡಕವೂ ಅಡ್ಡ ಬರುವುದಿಲ್ಲ, ಬೆಂಡೋಲೆಯೂ ಅಡ್ಡ ಬರುವುದಿಲ್ಲ, ಬೆವರೂ ಇಲ್ಲ. ಒಳ್ಳೆಯ ದನಿಯದು ನಿಮ್ಮ ಬಜೆಟ್ಟಿನ ಸಣ್ಣ ಭಾಗಕ್ಕೆ ಸಿಗುತ್ತದೆ. ಕಿವಿಯೊಳಗೆ ಏನಾದರೂ ಇಟ್ಟುಕೊಂಡರೆ ಕಿರಿಕಿರಿ ಅನ್ನುವವರಿಗೆ, ಗುಗ್ಗೆ ಕಟ್ಟುವವರಿಗೆ ಬೇಡ. ಕಪ್‌ನ ಹಿಂಬದಿ ತೆರೆದಿರುವ ಓಪನ್ ಬ್ಯಾಕ್ ಹೆಡ್‌ಫೋನ್ ನಿಮಗೆ ಆಗುವುದಿಲ್ಲ. ಅದು ತಂಪು, ಅಗಲವಾದ ದನಿ, ಆದರೆ ಪಕ್ಕದ ಮಂಚದವರಿಗೆ ಹಾಡು ಪೂರ್ತಿ ಕೇಳುತ್ತದೆ.

ಬೆವರಿನ ಬಗ್ಗೆ. ಮುಚ್ಚಿದ ಕಪ್‌ನೊಳಗೆ ಕಿವಿಯ ಬಿಸಿ ಹೊರಹೋಗಲು ದಾರಿ ಇಲ್ಲ, ಏಪ್ರಿಲ್-ಮೇ ತಿಂಗಳಲ್ಲಿ ಯಾವ ಕಂಪನಿಯದಾದರೂ ಇದು ಇದ್ದದ್ದೇ. ಮಖಮಲ್ಲಿನಲ್ಲಿ ಕಡಿಮೆ, ರೆಕ್ಸಿನ್ನಿನಲ್ಲಿ ಜಾಸ್ತಿ. ಅರ್ಧ ಗಂಟೆಗೊಮ್ಮೆ ತೆಗೆದು ಒರೆಸಿಕೊಳ್ಳಿ. ಪ್ಯಾಡಿನ ಮೇಲೆ ತೆಳು ಹತ್ತಿ ಬಟ್ಟೆಯ ಕವರ್ ಹಾಕುವವರಿದ್ದಾರೆ. ಬೆವರು ಹೀರುತ್ತದೆ, ತೊಳೆಯಬಹುದು. ಆದರೆ ಗಾಳಿ ಇನ್ನಷ್ಟು ಸೋರುತ್ತದೆ. ಮೊದಲು ಹೇಳಿದ ತಂಬೂರಿ ಪರೀಕ್ಷೆಯನ್ನು ಕವರ್ ಹಾಕಿ, ತೆಗೆದು ಮಾಡಿ ನೋಡಿ. ರೆಕ್ಸಿನ್ ಪ್ಯಾಡನ್ನು ಸ್ಯಾನಿಟೈಜರ್, ಸ್ಪಿರಿಟ್ ಹಾಕಿ ಒರೆಸಬೇಡಿ, ಬಿರುಕು ಬಿಟ್ಟು ಸಿಪ್ಪೆ ಏಳುತ್ತದೆ. ಒದ್ದೆ ಬಟ್ಟೆ ಸಾಕು. ಪತ್ರಾಸ್ (ತಗಡಿನ) ಕೋಣೆಯಲ್ಲಿ, ಬಿಸಿಲಿಗೆ ನಿಂತ ಕಾರಿನಲ್ಲಿ ಹೆಡ್‌ಫೋನ್ ಬಿಡಬೇಡಿ.

ಕಿವಿಯ ಆರೋಗ್ಯದ ಮಾತು ನೀವು ಕೇಳಿಲ್ಲ, ಆದರೂ ಹೇಳಬೇಕು. ಬೇಸ್ ಸೋರಿದಾಗ ಮತ್ತು ಕೂಲರ್ ಸದ್ದಿದ್ದಾಗ ನಾವೆಲ್ಲ ಮಾಡುವುದು ಒಂದೇ, ವಾಲ್ಯೂಮ್ ಏರಿಸುವುದು. 85 ಡೆಸಿಬಲ್ ದನಿಯನ್ನು ದಿನಕ್ಕೆ 8 ಗಂಟೆ ಮೀರಿ ಕೇಳಬಾರದು ಅಂತ ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುತ್ತದೆ. ಪ್ರತಿ 3 ಡೆಸಿಬಲ್ ಏರಿದಾಗ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. 94 ಡೆಸಿಬಲ್‌ಗೆ ಬಂದರೆ ಉಳಿಯುವುದು ಒಂದೇ ಗಂಟೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಇನ್ನೂ ಬಿಗಿ, ವಾರಕ್ಕೆ 40 ಗಂಟೆ, 80 ಡೆಸಿಬಲ್. ಮನೆಯಲ್ಲಿ ಹೀಗೆ ಮಾಡಿ: ಕೂಲರ್ ಬಂದ್ ಮಾಡಿ ನಿಮಗೆ ಹಿತವಾದ ವಾಲ್ಯೂಮ್ ಇಟ್ಟುಕೊಳ್ಳಿ. ಕೂಲರ್ ಹಾಕಿದ ಮೇಲೆ ಒಂದು ಗೆರೆಗಿಂತ ಹೆಚ್ಚು ಏರಿಸಬೇಡಿ. ತೆಗೆದ ಮೇಲೆ ಕಿವಿಯಲ್ಲಿ ಗುಯ್ ಅಂದರೆ ಅವತ್ತಿನ ದನಿ ಜಾಸ್ತಿಯಾಗಿತ್ತು. ಮರುದಿನವೂ ಅಂದರೆ ಕಿವಿ ಡಾಕ್ಟರಿಗೆ ತೋರಿಸಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಹೋಗುತ್ತಿದ್ದೆ. ತಂಬೂರಿ ಪರೀಕ್ಷೆಯಲ್ಲಿ ಕನ್ನಡಕ ತೆಗೆದಾಗ ಖರ್ಜ ಬಂತು ಅಂದರೆ, ಈಗಿರುವ ಹೆಡ್‌ಫೋನನ್ನೇ ಒಂದು ವಾರ ಕನ್ನಡಕವಿಲ್ಲದೆ, ಬೆಂಡೋಲೆ ತೆಗೆದಿಟ್ಟು ಕೇಳುತ್ತಿದ್ದೆ. ಹಾಡು ಕೇಳಲು ಕನ್ನಡಕ ಬೇಕಾಗಿಲ್ಲ ಅಲ್ವಾ? ಅದು ಒಗ್ಗಿದರೆ ದುಡ್ಡು ಉಳಿಯಿತು. ಹಾಡಿನ ಜೊತೆ ಓದುವ, ಉತ್ತರಪತ್ರಿಕೆ ನೋಡುವ ರೂಢಿ ಇದ್ದರೆ ಕನ್ನಡಕ ಬೇಕೇ ಬೇಕು. ಆಗ ತೆಳು ತಂತಿಯ ಕಡ್ಡಿ ಇರುವ ಒಂದು ಹಳೆಯ ಫ್ರೇಮನ್ನು ಇದಕ್ಕೆಂದೇ ಇಟ್ಟುಕೊಳ್ಳಿ, ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಈಗಿನದಕ್ಕೇ ದಪ್ಪ ಪ್ಯಾಡ್ ತರಿಸುವುದೂ ಉಂಟು. ಆದರೆ ಪ್ಯಾಡ್ ಬದಲಾದರೆ ಕಿವಿಗೂ ಡಯಾಫ್ರಂಗೂ ಇರುವ ದೂರ ಬದಲಾಗಿ ದನಿಯೇ ಬೇರೆಯಾಗುತ್ತದೆ, ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಹಾಕಿಯೇ ನೋಡಬೇಕು. ತಲೆಪಟ್ಟಿ ಬಿಗಿ ಅನಿಸಿದರೆ, ಉಕ್ಕಿನ ಪಟ್ಟಿಯದಾಗಿದ್ದರೆ ಮಾತ್ರ, ತಲೆಗಿಂತ ತುಸು ಅಗಲದ ಪುಸ್ತಕಗಳ ಗುಪ್ಪೆಗೆ ರಾತ್ರಿಯಿಡೀ ಹಾಕಿಡಿ. ಪ್ಲಾಸ್ಟಿಕ್ ಪಟ್ಟಿಯನ್ನು ಕೈಯಿಂದ ಬಗ್ಗಿಸಬೇಡಿ, ಮುರಿಯುತ್ತದೆ.

ಇದ್ಯಾವುದೂ ಆಗಲಿಲ್ಲ ಅಂದರೆ ಡಿಟಿ 770 ಪ್ರೊ 80 ಓಮ್. ಕಲಬುರಗಿಯಲ್ಲಿ ಇಂಥ ಮಾದರಿಗಳನ್ನು ಹಾಕಿ ನೋಡಲು ಸಿಗುವುದು ಅಪರೂಪ. ಹೈದರಾಬಾದಿಗೆ ಹೋಗುವ ಕೆಲಸ ಇದ್ದರೆ ಕೋಠಿ ಕಡೆ ಒಮ್ಮೆ ವಿಚಾರಿಸಿ. ನಿಮ್ಮದೇ ಕನ್ನಡಕ, ಅದೇ ಬೆಂಡೋಲೆ, ದಿನಾ ಹಾಕುವ ಹಾಗೇ ಜಡೆ ಅಥವಾ ತುರುಬು, ನಿಮ್ಮದೇ ಫೋನಿನ ಹಾಡು. ಕಪ್‌ಗಳಿಗೆ ಕೈ ಹಚ್ಚಬೇಡಿ. ಮನೆಯಲ್ಲಿ ಕೇಳುವಷ್ಟೇ ಮೆಲ್ಲಗೆ, ಕನಿಷ್ಠ ಅರ್ಧ ಗಂಟೆ ಕೇಳಿ. ಮೊದಲ ಐದು ನಿಮಿಷದಲ್ಲಿ ಎಲ್ಲವೂ ಹಿತವಾಗಿಯೇ ಇರುತ್ತದೆ. ಆನ್‌ಲೈನಿನಲ್ಲಿ ತರಿಸಿದರೆ ವಾಪಸ್ ಕೊಡುವ ನಿಯಮವನ್ನು ಮೊದಲೇ ಓದಿ. ಬರೀ ಬದಲಿ ಕೊಡುತ್ತಾರೋ ದುಡ್ಡು ವಾಪಸ್ ಕೊಡುತ್ತಾರೋ ಎರಡರಲ್ಲಿ ಬಹಳ ವ್ಯತ್ಯಾಸ ಇದೆ. ತಲೆಗೆ ಹೊಂದಲಿಲ್ಲ ಅನ್ನುವ ಕಾರಣಕ್ಕೆ ಬದಲಿ ಬಂದರೆ ಅದೂ ಹೊಂದುವುದಿಲ್ಲ. ಡಾಂಗಲ್ ಕೂಡ ಅದೇ ಸಲ ತರಿಸಿ, 20 ಸಾವಿರದಲ್ಲಿ ಸಾಮಾನ್ಯವಾಗಿ ಎರಡೂ ಬರುತ್ತವೆ. ಉಳಿದ ದುಡ್ಡಿನಲ್ಲಿ ಒಂದು ಜೊತೆ ಅಸಲಿ ಪ್ಯಾಡ್ ತೆಗೆದಿಡಿ. ಮಖಮಲ್ಲು ಚಪ್ಪಟೆಯಾದಂತೆ ದನಿ ನಿಧಾನವಾಗಿ ಬದಲಾಗುತ್ತದೆ, ದಿನಾ ಕೇಳುವವರಿಗೆ ಅದು ಗೊತ್ತೇ ಆಗುವುದಿಲ್ಲ. ಹೊಸ ಪ್ಯಾಡ್ ಪಕ್ಕದಲ್ಲಿಟ್ಟು ದಪ್ಪ ಹೋಲಿಸಿ ನೋಡಿದರೆ ಬದಲಿಸುವ ಹೊತ್ತು ಬಂತೋ ಇಲ್ಲವೋ ತಿಳಿಯುತ್ತದೆ.